ಹಳೆ ಸೀಟಿಗೆ ಹೊಸ ದಾರ

ಮಾರಿದವನ ಮಾತು ನಂಬಿ ಕೊಂಡ ಕಾರು ಒಂದೇ ವರ್ಷದಲ್ಲಿ ಐದು ಸಲ ನಡುರಸ್ತೆಯಲ್ಲಿ ಕೈಕೊಟ್ಟ ಮೇಲೆ, ಬೀದಿಯವರೆಲ್ಲ ಹೊಲಿಗೆ ಅಕ್ಕ ಎಂದು ಕರೆಯುವ ಆ ಹೆಂಗಸು ಯಾರ ಮಾತನ್ನೂ ನಂಬದಂತಾಗಿದ್ದಳು. ಬೇರೆ ಕಾರು ನೋಡಲು ಗಂಡನ ಜೊತೆ ಹಳೆ ಕಾರುಗಳ ಮಳಿಗೆಗೆ ಹೋದಳು.

"ಡಾಕ್ಟರೊಬ್ಬರೇ ಓಡಿಸಿದ್ದು ಮೇಡಂ. ಹೂವಿನ ಹಾಗೆ ಇಟ್ಕೊಂಡಿದ್ರು," ಎಂದ ಮಾರುವವನು.

ಗಂಡ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ. ಅಕ್ಕ ಹಿಂದಿನ ಸೀಟಿನ ಅಂಚನ್ನು ಬೆರಳಿನಿಂದ ಸವರಿದಳು. ಬಟ್ಟೆ ಹಳೆಯದು, ದಾರ ಮಾತ್ರ ಹೊಚ್ಚಹೊಸದು. ಸುಮ್ಮಸುಮ್ಮನೆ ಯಾರಾದರೂ ಸೀಟು ಬಿಚ್ಚಿ ಹೊಲಿಯುತ್ತಾರೆಯೇ? ಬಗ್ಗಿ ಕಾಲಡಿಯ ಹಾಸು ಎತ್ತಿದಳು. ಮೂಲೆಯಲ್ಲಿ ಒಣಗಿದ ಕೆಸರಿತ್ತು, ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

"ಇದು ನೀರಲ್ಲಿ ಮುಳುಗಿದ ಗಾಡಿ ಅಲ್ವೇನಪ್ಪಾ?"

ಮಾರುವವನು ತಡವರಿಸಿದ. "ಅದು... ತೊಳೆದಾಗ ಸ್ವಲ್ಪ..."

"ಏಳ್ರೀ, ಹೋಗೋಣ," ಎಂದು ಅಕ್ಕ ಗಂಡನನ್ನು ಇಳಿಸಿದಳು.

ಕೊನೆಗೆ ಕೊಂಡದ್ದು ಪಕ್ಕದ ಮನೆಯ ಮೇಷ್ಟ್ರ ಕಾರನ್ನು. "ಒಂದು ಕಿಟಕಿ ಇಳಿಯಲ್ಲಮ್ಮ, ಹಾರ್ನ್ ದನಿ ಮೆತ್ತಗೆ," ಎಂದು ಅವರೇ ಬಾಯಿಬಿಟ್ಟಿದ್ದರು. ಇಷ್ಟೊಂದು ನಿಜ ಯಾಕೆ ಹೇಳುತ್ತಿದ್ದಾರೆಂದು ಅಕ್ಕನಿಗೆ ಅದರ ಮೇಲೂ ಗುಮಾನಿ. ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿಯೇ ಒಪ್ಪಿದಳು.

ಮೂರು ವರ್ಷವಾಯಿತು, ಕಾರು ಒಮ್ಮೆಯೂ ನಿಂತಿಲ್ಲ. ಗಂಡ ಈಗ ತರಕಾರಿ ಕೊಳ್ಳುವಾಗಲೂ ಅವಳನ್ನೇ ಮುಂದೆ ಬಿಡುತ್ತಾನೆ.