ಒಂದು ಕಾರಿಗೆ ಬರಿಗಾಲು, ಒಂದಕ್ಕೆ ಚಪ್ಪಲಿ

ಟಪ್, ಟಪ್. ರೋಣದ ನನ್ನ ಮನೆಯ ಗೇಟಿನ ಮುಂದೆ ಚಪ್ಪಲಿಗಳೆರಡು ನೆಲಕ್ಕೆ ಬಿದ್ದ ಸದ್ದಾದರೆ ಶಮಾ ಬಂದಳೆಂದೇ ಅರ್ಥ. ಅವಳ ಎಲೆಕ್ಟ್ರಿಕ್ ಕಾರು ಸೈಲೆಂಟ್. ಅವಳು ಎಂದೂ ಸೈಲೆಂಟ್ ಇದ್ದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ "ಸಿಟ್ ಡೌನ್" ಅಂದರೆ, ಯಾಕೆಂದು ಕೇಳಿಯೇ ಕೂರುತ್ತಿದ್ದ ನನ್ನ ಬೆಂಚ್‌ಮೇಟ್.

ಗಜೇಂದ್ರಗಡದ ಅವಳ ಮನೆಯಲ್ಲಿ ಎರಡು ಕಾರು. ತೀರಿಕೊಂಡ ಗಂಡನ ಹಳೆಯ ಪೆಟ್ರೋಲ್ ಕಾರೊಂದು, ಮಗ ಇಮ್ತಿಯಾಜ್ ತಂದ ಎಲೆಕ್ಟ್ರಿಕ್ ಕಾರೊಂದು. ಹೊಸದರಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಯಾರೋ ಹಿಂದಿನಿಂದ ಸೆರಗು ಜಗ್ಗಿದಂತೆ ಗಾಡಿ ತಾನೇ ನಿಧಾನವಾಗುತ್ತದೆ, ಹಿಂದಿನ ಕೆಂಪು ದೀಪವೂ ತಾನೇ ಹೊತ್ತುತ್ತದೆ. ಹಳೆಯದು ಬ್ರೇಕ್ ಒತ್ತುವತನಕ ಉರುಳುತ್ತಲೇ ಇರುತ್ತದೆ. ಹೊಸದಕ್ಕೆ ಕಾಲು ಒಗ್ಗಿದ ಮೇಲೆ ಒಮ್ಮೆ ಹಳೆಯದರಲ್ಲಿ ನನ್ನನ್ನು ನರೇಗಲ್ ಸಂತೆಗೆ ಕರೆದೊಯ್ದಳು. ಸಂತೆಯ ಹತ್ತಿರ ಕಾಲೆತ್ತಿ, ಇನ್ನೇನು ನಿಲ್ಲುತ್ತದೆಂದು ರಾಣಿಯಂತೆ ಕುಳಿತಳು. ಕಾರು ಮೆಲ್ಲಗೆ ಬಿದಿರು ಬುಟ್ಟಿಗಳ ರಾಶಿಯೊಳಗೆ ಹೋಯಿತು.

"ಎಲ್ಲಾ ಬುಟ್ಟಿ ನೀವ ಒಯ್ತೀರೇನ್ರಿ?" ಅಂದಳು ಬುಟ್ಟಿಯಾಕೆ. ಒಯ್ದೆವು. ಇಂದಿಗೂ ನನ್ನ ಈರುಳ್ಳಿ ಇರುವುದು ಅದರಲ್ಲೊಂದರಲ್ಲಿ.

ಸಂಜೆ ಇಮ್ತಿಯಾಜ್ ಅಂಗೈ ಚಾಚಿ ನಿಂತ. "ವಯಸ್ಸಾತು, ಸಾಕಿನ್ನ, ಅಮ್ಮಾ. ಎರಡೂ ಕೀಲಿ ಕೊಡ್ರಿ."

"ತಪ್ಪ ಮಾಡಿದ್ದು ಕಾಲು. ಕಾಲಿಗೆ ಬುದ್ಧಿ ಕಲಿಸ್ತೇನಿ. ಕೀಲಿ ಯಾಕ ಕೊಡ್ಲಿ?"

ಕಲಿಸಿದಳು. ಎಲೆಕ್ಟ್ರಿಕ್ ಕಾರಿಗೆ ಬರಿಗಾಲು, ಪೆಟ್ರೋಲ್ ಕಾರಿಗೆ ಚಪ್ಪಲಿ. ತಲೆ ಮರೆತರೂ ಅಂಗಾಲು ಮರೆಯುವುದಿಲ್ಲ ಎಂಬುದು ಅವಳ ಥಿಯರಿ. ಮಗ ನಕ್ಕ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಜೇಂದ್ರಗಡದ ಇಳಿಜಾರನ್ನು ಬರಿಗಾಲಲ್ಲಿ ಇಳಿದಳು. ಮನೆಗೆ ಮರಳಿ ಚಪ್ಪಲಿ ಮೆಟ್ಟಿ, ಅದೇ ಇಳಿಜಾರನ್ನು ಹಳೆಯ ಕಾರಿನಲ್ಲಿ ಇಳಿದಳು. ಎರಡೂ ಸಲ ಹಿಂದಿನ ಸೀಟಿನಲ್ಲಿ ನಾನಿದ್ದೆ, ಜೀಸಸ್ ಮತ್ತು ವೀರಭದ್ರ ಇಬ್ಬರನ್ನೂ ನೆನೆಯುತ್ತ. ಎರಡೂ ಸಲ ಕಾರು ಗೆರೆ ಎಳೆದಂತೆ ನಿಂತಿತು.

"ಆ ಕರೆಂಟ್ ಗಾಡಿ ಇಳಿಜಾರ ಇಳಿಯೂ ಮುಂದೂ ಚಾರ್ಜ್ ತುಂಬಿಕೊಂತೈತಿ," ಅಂದಳು ಮಗನಿಗೆ. "ನಾ ಯಾಕ ಮನ್ಯಾಗ ಕುಂಡ್ರಲಿ?"

ಅವನು ಮತ್ತೆ ಕೀಲಿ ಕೇಳಲಿಲ್ಲ. ಅವಳು ನಿದ್ದೆಯಲ್ಲೇ ತೀರಿಹೋದ ಬೆಳಗ್ಗೆ ಎರಡೂ ದಿಂಬಿನ ಕೆಳಗಿದ್ದವಂತೆ.

ಅದಕ್ಕೂ ಹಿಂದಿನ ವಾರ ಬಂದಿದ್ದಳು. ಚಹಾ ಕುಡಿದು, ಗೇಟಿನ ಬಳಿ ಚಪ್ಪಲಿ ಕಳಚಿ ಕಾರು ಹತ್ತಿದಳು. ಅವನ್ನು ಎತ್ತಿಕೊಳ್ಳುವುದನ್ನು ಮರೆತಿದ್ದಳು. ಕೂಗಿದೆ. "ಇರಲಿ ಬಿಡ, ಇದಕ್ಕ ಬೇಕಾಗೂದಿಲ್ಲ," ಎಂದು ಕಿಟಕಿಯಿಂದ ಕೈ ಬೀಸಿದಳು. ತಿರುವಿನಲ್ಲಿ ಹಿಂದಿನ ಕೆಂಪು ದೀಪ ಹೊತ್ತಿತು. ಬ್ರೇಕ್ ಮುಟ್ಟಿರಲಿಲ್ಲ, ನನಗೆ ಗೊತ್ತು. ಕಾಲೆತ್ತಿದ್ದಳು, ಅಷ್ಟೆ.