ಬಾಂಬ್ ಮಾಸ್ತರರು

ಸುರಪುರದಲ್ಲಿ ಯಾರದೇ ಮದುವೆಯಿರಲಿ, ನಿವೃತ್ತ ವಿಜ್ಞಾನ ಶಿಕ್ಷಕ ವಿಶ್ವರಾಧ್ಯ ಮಾಸ್ತರರು ಬಂದರೆಂದರೆ ಮೈಕಿನವನು ಮೈಕನ್ನು ಬಗಲಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ. ಕೈಗೆ ಸಿಕ್ಕಿತೋ, ವಧೂವರರನ್ನು ಹರಸಿ ಮರುಗಳಿಗೆಗೇ ಅಣುಬಾಂಬಿಗೆ ಬರುತ್ತಾರೆ: "ಮೊದಲ ನಾವು ಹಾಕಂಗಿಲ್ಲ ಅಂತ ಎಲ್ಲಾ ದೇಶದವ್ರೂ ಮಾತು ಕೊಡ್ಬೇಕ್ರಿ. ಒಬ್ಬನ ಸಿಟ್ಟಿಗೆ ಜಗತ್ತು ಸುಡಬಾರ್ದು!" ಅಷ್ಟರಲ್ಲಿ ಮಂದಿಯ ಮುಷ್ಟಿಯೊಳಗಿನ ಅಕ್ಕಿಕಾಳು ಬೆವರಿಗೆ ನೆನೆದು ಅನ್ನವಾಗಲು ಬಂದಿರುತ್ತದೆ. ಹೋಟೆಲಿನಲ್ಲಿ ಯಾರಾದರೂ ಮೊಬೈಲ್ ಟವರಿನ ವಿಕಿರಣಕ್ಕೆ ಹೆದರಿದರೆ ಮಾತ್ರ ಸಿಡಿಯುತ್ತಾರೆ: "ಅಂಜೂದಿದ್ರ ಬಾಂಬಿಗೆ ಅಂಜ್ರಿ. ಉಳಿದದ್ದು ಎಷ್ಟದ ಅಂತ ಅಳದು ನೋಡ್ರಿ." ಹಾಗೆಂದು ತಮ್ಮ ಚಹಾದ ಕಪ್ಪನ್ನು ತಾವೇ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ, ಎಂಜಲೆಂದರೆ ಅವರಿಗೆ ಮೊದಲಿಂದಲೂ ವಾಕರಿಕೆ. ಈಚೆಗೆ ಹೆಂಡತಿ ಕಸ್ತೂರಮ್ಮನಿಗೆ ಕಲಬುರಗಿಯಲ್ಲಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ 'ಕರೆಂಟ್', ಕೊಡಿಸಿಕೊಂಡು ಬಂದರು. "ಮೈಯಾಗ ಇನ್ನೂ ಕರೆಂಟ್ ಇರ್ತದ" ಎಂದು ಓಣಿಯ ಹೆಂಗಸರು ಕೂಸುಗಳನ್ನು ಆಕೆಯ ಕೈಗೆ ಕೊಡುವುದನ್ನೇ ಬಿಟ್ಟರು. ಮಾಸ್ತರರು ಭಾಷಣ ಮಾಡಲಿಲ್ಲ. ಈಗ ದಿನಾ ಸಂಜೆ, ಓಣಿ ತುಂಬಿರುವಾಗ, ಇಬ್ಬರೂ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುತ್ತಾರೆ. ಆಕೆ ಅರ್ಧ ಕುಡಿದ ಕಪ್ಪನ್ನು ಮಾಸ್ತರರು ತೊಳೆಯದೆ ಇಸಿದುಕೊಂಡು, ಉಳಿದ ಚಹಾವನ್ನು ಎಲ್ಲರಿಗೂ ಕೇಳುವಂತೆ ಸೊರ್ರೆಂದು ಹೀರುತ್ತಾರೆ.