ಹಳ್ಳದ ದಡದ ಎರಡು ಹೊಂಗೆಮರ

ಹಂದನಕೆರೆ ಕಡೆಯ ಜುಂಜಣ್ಣ ಸತ್ತ ದಿನವೂ ಒಂದಿಬ್ಬರು ಅವನನ್ನು ಮಾಟಗಾರ ಅಂತಲೇ ಅಂದರು. ಕೊಬ್ಬರಿ ಅಂಗಡಿಯ ಬಸವರಾಜಪ್ಪ ಎದುರಾಡಲಿಲ್ಲ. ಗೆಳೆಯನ ಬಗ್ಗೆ ತಾನೂ ಒಂದು ದಿನ ಹಾಗೇ ಅಂದುಕೊಂಡದ್ದು ನೆನಪಾಯಿತು.

ಜುಂಜಣ್ಣ ಕುರಿ ಕಾಯುವವನು. ಶಂಭುಲಿಂಗಯ್ಯನ ತೆಂಗಿನ ತೋಟಕ್ಕೆ ಒತ್ತಿಕೊಂಡು ಹಳ್ಳದ ದಡದಲ್ಲಿ ಎರಡು ಹೊಂಗೆಮರಗಳಿದ್ದವು. ನೋಡಲು ಎರಡೂ ಒಂದೇ. ಆದರೆ ಒಂದರ ಎಲೆ ನೀರಿಗೆ ಬಿದ್ದರೆ ಹದಿನೈದು ದಿನದಲ್ಲಿ ಕರಗುತ್ತಿತ್ತು. ಹುಳು, ಏಡಿ, ಮೀನಿನ ಮರಿ ಅಲ್ಲೇ ಸೇರುತ್ತಿದ್ದವು. ಇನ್ನೊಂದರ ಎಲೆ ತೊಗಲಿನ ಹಾಗೆ ಬಿದ್ದುಕೊಂಡು, ಅದರ ಕೆಳಗಿನ ಗುಂಡಿ ಕಪ್ಪಾಗಿ ನಾರುತ್ತಿತ್ತು. ಬೇಸಿಗೆಯಲ್ಲಿ ಅವನ ಕುರಿ ಬಾಯಿ ಇಡುತ್ತಿದ್ದುದು ಮೊದಲನೆಯ ಮರದ ಗುಂಡಿಗೆ ಮಾತ್ರ.

ಎರಡು ಸಾವಿರದ ಇಸವಿಯಲ್ಲಿ, ಎಳೆ ಸಸಿಗೆ ನೆರಳಾಗುತ್ತದೆಂದು ಶಂಭುಲಿಂಗಯ್ಯ ಆ ಮರವನ್ನೇ ಕಡಿಸಲು ಹೊರಟ. ಇದನ್ನು ಬಿಟ್ಟು ಅದನ್ನು ಕಡಿಸಿ ಎಂದು ಜುಂಜಣ್ಣ ಹೇಳಿದ್ದೇ ತಪ್ಪಾಯಿತು. ಹೊಂಗೆ ಹೊಂಗೆಗೆ ಏನು ವ್ಯತ್ಯಾಸ, ಬುಡದಲ್ಲಿ ಏನಾದರೂ ಹೂತಿಟ್ಟಿದ್ದಾನೋ ಎಂದು ಊರವರು ಗುಸುಗುಟ್ಟಿದರು. ಕಣ್ಣಾರೆ ತೋರಿಸೋಣವೆಂದು ಅವನು ಎರಡೂ ಮರದ ಉದುರೆಲೆಯನ್ನು ಈರುಳ್ಳಿ ಚೀಲದ ಬಲೆಯಲ್ಲಿ ಬೇರೆ ಬೇರೆ ತುಂಬಿ, ಹಳೇ ಕಂಬಳಿಯ ಕರಿ ನೂಲಿನಿಂದ ಕಟ್ಟಿ, ಒಂದೇ ಗುಂಡಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದ.

ಅಷ್ಟರಲ್ಲೇ ತೆಂಗಿಗೆ ನುಸಿ ಬಿತ್ತು. ಕಾಯಿ ಕಂದಿ ಸಣ್ಣಗಾದವು. ನೀರಲ್ಲಿ ಕರಿ ನೂಲಿನ ಗಂಟು ಕಂಡ ಶಂಭುಲಿಂಗಯ್ಯ ಸೀದಾ ಅಂಗಡಿಗೆ ಬಂದ.

"ನಿನ್ನ ಸ್ನೇಹಿತನ ಕೆಲ್ಸ ನೋಡ್ಬಾ, ಬಸ್ರಾಜಪ್ಪ."

ಬಸವರಾಜಪ್ಪನ ತೋಟಕ್ಕೂ ನುಸಿ ಬಿದ್ದಿತ್ತು. ಶಂಭುಲಿಂಗಯ್ಯನ ಜೊತೆ ಹಳ್ಳಕ್ಕೆ ಹೋದಾಗ, ಅಲ್ಲಿದ್ದ ಜುಂಜಣ್ಣನ ಮುಖ ನೋಡಲು ಅವನಿಂದ ಆಗಲಿಲ್ಲ.

ಜುಂಜಣ್ಣ ಎರಡೂ ಗಂಟು ಎತ್ತಿ ಬಿಚ್ಚಿದ. ಒಂದರಲ್ಲಿ ಬರೀ ನರ ಉಳಿದ ಎಲೆ, ಅದರ ತುಂಬ ಹರಿದಾಡುವ ಹುಳು. ಇನ್ನೊಂದರಲ್ಲಿ ಎಲೆ ಇಟ್ಟ ಹಾಗೇ ಇತ್ತು. ಶಂಭುಲಿಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಒಂದೇ ನೀರು, ಒಂದೇ ಜಾತಿ ಎಲೆ. ಇದೊಂದ್ರಲ್ಲೇ ಜೀವ ಬಂದದೆ ಅಂದ್ರೆ ನೀನು ಮಂತ್ರಿಸಿದ್ದೀಯ ಕಣ್ಲಾ."

ಇನ್ನು ಆ ಮರಕ್ಕೆ ಕೊಡಲಿ ಮುಟ್ಟಿಸುವುದಿಲ್ಲ ಎಂದವನೇ ತಿರುಗಿ ನೋಡದೆ ಹೋದ.

ಹಿಂದೆ ಹೋಗಿ ಬಿಡಿಸಿ ಹೇಳು ಎಂದು ಬಸವರಾಜಪ್ಪ ಅವಸರಪಡಿಸಿದ. ಜುಂಜಣ್ಣ ಕೈ ತೊಳೆದುಕೊಂಡ.

"ಬುಡಪ್ಪ, ಹೆದ್ರುಕಂಡೇ ಇರ್ಲಿ. ಮರ ಉಳೀತಲ್ಲ. ನಿನಗೂ ಅನುಮಾನ ಇತ್ತಾ?"

"ಇಲ್ಲ ಕಣ್ಲಾ" ಎಂದ ಬಸವರಾಜಪ್ಪ, ಒಂದು ಗಳಿಗೆ ತಡವಾಗಿ.

ಆಮೇಲೂ ಜುಂಜಣ್ಣ ಅಂಗಡಿಗೆ ಬರುತ್ತಿದ್ದ, ನಗುತ್ತಿದ್ದ. ಹಳ್ಳದ ಸುದ್ದಿ ಮಾತ್ರ ಎತ್ತಲಿಲ್ಲ.